ಸುಖದುಃಖ ಕೇಳಿಸಿಕೊಂಡ ಸುಂಕದವ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯಲ್ಲಿ ಹೇಳಿಕೊಳ್ಳುವವನ ಗಂಟಲು ಎಷ್ಟು ಒಣಗಿದರೂ ಕೇಳುವವನ ಕಣ್ಣು ಮಾತ್ರ ಗಂಟಿನ ಮೇಲೇ ನೆಟ್ಟಿರುತ್ತದೆ. ಅಮೆರಿಕದ 21ನೆಯ ಅಧ್ಯಕ್ಷ ಚೆಸ್ಟರ್ ಅಲನ್ ಆರ್ಥರನ ಬಗ್ಗೆ ಓದುವಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ, ಏಕೆಂದರೆ ಆತ ಕಸುಬಿನಿಂದಲೇ ಸುಂಕದವನಾಗಿದ್ದ. ನ್ಯೂಯಾರ್ಕ್ ಬಂದರಿನ ಸುಂಕವನ್ನು ಆರೂವರೆ ವರ್ಷ ವಸೂಲು ಮಾಡಿಸಿದ, ಆ ಕುರ್ಚಿಯಿಂದ ಅಧ್ಯಕ್ಷನೊಬ್ಬನ ಕೈಯಲ್ಲೇ ವಜಾಗೊಂಡ ಮನುಷ್ಯ ಮೂರು ವರ್ಷ ಕಳೆದ ಸ್ವಲ್ಪದರಲ್ಲೇ ತಾನೇ ಅಧ್ಯಕ್ಷನಾದ. ಆತನಿಗಿಂತ ಹಿಂದಿನ ಅಧ್ಯಕ್ಷ ಗಾರ್‌ಫೀಲ್ಡನ ಕೊಲೆಯ ವೃತ್ತಾಂತವನ್ನು ಓದುತ್ತ ಹೋದವರಿಗೆ ಆರ್ಥರ್ ಎಂದರೆ ಕೊನೆಯ ಪುಟದಲ್ಲಿ ಕಾಣಿಸಿಕೊಳ್ಳುವ, ಪೊದೆಯಂಥ ಕೆನ್ನೆಗಡ್ಡದ, ಸ್ಥೂಲಕಾಯದ ಒಬ್ಬ ಉತ್ತರಾಧಿಕಾರಿ ಅಷ್ಟೆ. ನಾನೂ ಆತನನ್ನು ಮೊದಲು ಕಂಡದ್ದು ಹಾಗೆಯೇ. ಆದರೆ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸು ಆತನಿಗೆ ಬರೆದ ಪತ್ರಗಳ ವಿಷಯ ತಿಳಿದ ಮೇಲೆ ಆ ಕೊನೆಯ ಪುಟದಿಂದಾಚೆಗೂ ಹುಡುಕಬೇಕೆನ್ನಿಸಿತು.

ಆರ್ಥರ್ ಹುಟ್ಟಿದ್ದು 1829ರ ಅಕ್ಟೋಬರ್ 5ರಂದು, ವರ್ಮಾಂಟ್ ರಾಜ್ಯದ ಫೇರ್‌ಫೀಲ್ಡಿನಲ್ಲಿ. ಮುಂದೆ ಅದು ಹೇಗೋ ತನ್ನ ವಯಸ್ಸಿನಿಂದ ಒಂದು ವರ್ಷವನ್ನು ಕಳೆದುಕೊಂಡು, ಹುಟ್ಟಿದ್ದು 1830ರಲ್ಲಿ ಎಂದೇ ಹೇಳಿಕೊಳ್ಳುತ್ತಿದ್ದ. ಆತ ಗಡಿಯಾಚೆಯ ಕೆನಡಾದಲ್ಲಿ ಹುಟ್ಟಿದವನು, ಆದ್ದರಿಂದ ಅಧ್ಯಕ್ಷನಾಗಲು ಅರ್ಹನಲ್ಲ ಎಂದು ವಿರೋಧಿಗಳು ಹಬ್ಬಿಸಿದ ಪುಕಾರಿಗೆ ಪುರಾವೆ ಸಿಗಲಿಲ್ಲ. ತಂದೆ ವಿಲಿಯಂ ಆರ್ಥರ್ ಐರ್ಲೆಂಡಿನಿಂದ ವಲಸೆ ಬಂದ ಬ್ಯಾಪ್ಟಿಸ್ಟ್ ಪಾದ್ರಿ. ಗುಲಾಮಗಿರಿಯ ಕಡು ವಿರೋಧಿ. ಖಂಡತುಂಡವಾಗಿ ಮಾತನಾಡುವ ಪಾದ್ರಿಯನ್ನು ಯಾವ ಊರಿನ ಸಭೆಯೂ ಬಹುಕಾಲ ಇಟ್ಟುಕೊಳ್ಳುವುದಿಲ್ಲವಾಗಿ, ಸಂಸಾರ ಊರಿಂದೂರಿಗೆ ಗಂಟುಮೂಟೆ ಕಟ್ಟುತ್ತಲೇ ಇತ್ತು. ಮಗ ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿನಲ್ಲಿ 1848ರಲ್ಲಿ ಪದವಿ ಪಡೆದು, ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿ, ನ್ಯೂಯಾರ್ಕಿಗೆ ಬಂದು 1854ರಲ್ಲಿ ವಕೀಲನಾದ. ಆತ ಸೇರಿದ ಕಚೇರಿಯ ಹಿರಿಯ ಎರಾಸ್ಟಸ್ ಕಲ್ವರ್ ತಂದೆಯ ಹಾಗೆಯೇ ಗುಲಾಮಗಿರಿಯ ವಿರುದ್ಧ ನಿಂತವನು.

ಆ ವರ್ಷ ಜುಲೈ 16ರ ಭಾನುವಾರ ಎಲಿಜಬೆತ್ ಜೆನ್ನಿಂಗ್ಸ್ ಎಂಬ ಕಪ್ಪು ಶಿಕ್ಷಕಿ ಚರ್ಚಿಗೆ ಹೊರಟಿದ್ದಳು. ಅಲ್ಲಿ ಆರ್ಗನ್ ನುಡಿಸುವುದು ಅವಳ ಕೆಲಸ, ಅಂದು ಹೊತ್ತಾಗಿತ್ತು. ಕುದುರೆ ಎಳೆಯುವ ಥರ್ಡ್ ಅವೆನ್ಯೂ ಕಂಪನಿಯ ಟ್ರಾಮನ್ನು ಹತ್ತಿದಳು. ಕಂಡಕ್ಟರ್ ಇಳಿ ಎಂದ. ಒಪ್ಪದಿದ್ದಾಗ ಹಿಡಿದೆಳೆದ. ಅವಳು ಕಿಟಕಿಯ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು, ಅದೂ ಕೈಬಿಟ್ಟಾಗ ಅವನ ಕೋಟನ್ನೇ ಹಿಡಿದಳು. ಕಡೆಗೆ ಪೊಲೀಸನೊಬ್ಬನ ನೆರವಿನಿಂದ ಅವಳನ್ನು ಬೀದಿಗೆ ತಳ್ಳಲಾಯಿತು. ಕಂಪನಿಯ ಮೇಲೆ ಹೂಡಿದ ದಾವೆ ಕಲ್ವರನ ಕಚೇರಿಗೆ ಬಂದು, ಅಲ್ಲಿಂದ ಆರ್ಥರನ ಕೈ ಸೇರಿತು. ಆಗಷ್ಟೇ ಸನ್ನದು ಪಡೆದಿದ್ದ, ಇನ್ನೂ 25 ತುಂಬದ ಹುಡುಗ. 1855ರಲ್ಲಿ ತೀರ್ಪು ಜೆನ್ನಿಂಗ್ಸಳ ಪರವಾಗಿ ಬಂದು, ಜ್ಯೂರಿ ಅವಳಿಗೆ 225 ಡಾಲರ್ ಪರಿಹಾರ ಕೊಡಿಸಿತು. ಸಭ್ಯವಾಗಿ ವರ್ತಿಸುವ, ಆರೋಗ್ಯವಂತರಾದ ಯಾವ ಪ್ರಯಾಣಿಕರನ್ನೂ ಬಣ್ಣದ ಕಾರಣಕ್ಕೆ ಇಳಿಸುವ ಹಕ್ಕು ಕಂಪನಿಗಿಲ್ಲ ಎಂದು ನ್ಯಾಯಾಧೀಶರು ಹೇಳಿದ ಮೇಲೆ ಆ ಕಂಪನಿಯ ಟ್ರಾಮುಗಳು ಎಲ್ಲರಿಗೂ ತೆರೆದವು. ಮುಂದೆ ಆರ್ಥರನ ಬಗ್ಗೆ ಕೆಟ್ಟದ್ದನ್ನು ಓದಬೇಕಾಗಿ ಬರುವ ಕಡೆಯಲ್ಲೆಲ್ಲ ನಾನು ಈ ಮೊಕದ್ದಮೆಯನ್ನು ಒಂದು ಬೆರಳು ಸಿಕ್ಕಿಸಿ ಗುರುತಿಟ್ಟುಕೊಳ್ಳುತ್ತೇನೆ.

1859ರಲ್ಲಿ ವರ್ಜೀನಿಯಾದ ನೌಕಾಧಿಕಾರಿಯೊಬ್ಬನ ಮಗಳಾದ ಎಲೆನ್ ಹರ್ನ್‌ಡನ್ನಳನ್ನು ಮದುವೆಯಾದ. ಒಳ್ಳೆಯ ಕಂಠವಿದ್ದ, ಹಾಡುಗಾರಿಕೆಯಲ್ಲಿ ಹೆಸರಾಗಿದ್ದ ಆಕೆಯನ್ನು ಆತ ನೆಲ್ ಎಂದು ಕರೆಯುತ್ತಿದ್ದ. ಅಂತರ್ಯುದ್ಧ ಬಂದಾಗ ಹೆಂಡತಿಯ ಕಡೆಯವರು ದಕ್ಷಿಣದ ಪಕ್ಷ, ಗಂಡ ಉತ್ತರದ ಪಕ್ಷ. ಯುದ್ಧದಲ್ಲಿ ಆರ್ಥರ್ ಬಂದೂಕು ಹಿಡಿಯಲಿಲ್ಲ. ನ್ಯೂಯಾರ್ಕ್ ರಾಜ್ಯದ ಕ್ವಾರ್ಟರ್‌ಮಾಸ್ಟರ್ ಜನರಲ್ ಆಗಿ, ಸಾವಿರ ಸಾವಿರ ಸೈನಿಕರಿಗೆ ಊಟ, ವಸತಿ, ಬಟ್ಟೆಗಳನ್ನು ಒದಗಿಸುವ ಲೆಕ್ಕವನ್ನು ಅಚ್ಚುಕಟ್ಟಾಗಿ ನಿಭಾಯಿಸಿದ. ಆತನ ನಿಜವಾದ ಪ್ರತಿಭೆ ಭಾಷಣದ್ದಲ್ಲ, ವ್ಯವಸ್ಥೆಯದು. ಯಾರಿಗೆ ಏನು ಬೇಕು, ಅದನ್ನು ಯಾರ ಮೂಲಕ ಎಲ್ಲಿಗೆ ತಲುಪಿಸಬೇಕು ಎಂಬುದು ಆತನಿಗೆ ಕರತಲಾಮಲಕ. ಈ ಗುಣವೇ ಆತನನ್ನು ನ್ಯೂಯಾರ್ಕಿನ ರಿಪಬ್ಲಿಕನ್ ಪಕ್ಷದ ಒಡೆಯನಂತಿದ್ದ ಸೆನೆಟರ್ ರೋಸ್ಕೋ ಕಾಂಕ್ಲಿಂಗನ ಬಲಗೈಯಾಗಿ ಮಾಡಿತು. 1871ರ ಕೊನೆಗೆ ಅಧ್ಯಕ್ಷ ಗ್ರಾಂಟ್ ಆರ್ಥರನನ್ನು ನ್ಯೂಯಾರ್ಕ್ ಬಂದರಿನ ಕಲೆಕ್ಟರ್ ಹುದ್ದೆಗೆ ನೇಮಿಸಿದ.

ಈ ಹುದ್ದೆಯ ತೂಕ ಎಷ್ಟೆಂಬುದನ್ನು ತಿಳಿಯದೆ ಆರ್ಥರನ ಕಥೆ ಅರ್ಥವಾಗುವುದಿಲ್ಲ. ಆದಾಯ ತೆರಿಗೆ ನೆಲೆಯೂರದಿದ್ದ ಆ ಕಾಲದಲ್ಲಿ ಕೇಂದ್ರ ಸರ್ಕಾರ ಬದುಕುತ್ತಿದ್ದದ್ದೇ ಬಹುಮಟ್ಟಿಗೆ ಆಮದು ಸುಂಕದಿಂದ, ಆ ಸುಂಕದಲ್ಲಿ ಸಿಂಹಪಾಲು ಸೇರುತ್ತಿದ್ದದ್ದು ನ್ಯೂಯಾರ್ಕಿನಲ್ಲಿ. ವಾಲ್ ಸ್ಟ್ರೀಟಿನ ಕಸ್ಟಮ್ ಹೌಸಿನಲ್ಲಿ ಗುಮಾಸ್ತರು, ತೂಗುವವರು, ಅಳೆಯುವವರು, ಪೆಟ್ಟಿಗೆ ಒಡೆದು ನೋಡುವವರು ಎಂದು ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಇವರಲ್ಲಿ ಬಹುಮಂದಿ ಆ ಕುರ್ಚಿಗೆ ಬಂದದ್ದು ಪಕ್ಷಕ್ಕೆ ದುಡಿದದ್ದಕ್ಕೆ ಪ್ರತಿಫಲವಾಗಿ. ಚುನಾವಣೆ ಬಂತೆಂದರೆ ಸಂಬಳದಲ್ಲಿ ಒಂದು ಪಾಲನ್ನು ಪಕ್ಷಕ್ಕೆ ವಂತಿಗೆಯಾಗಿ ಒಪ್ಪಿಸಬೇಕು. ಅದು ಸ್ವಇಚ್ಛೆಯ ಕಾಣಿಕೆ ಎಂದು ಹೆಸರಿಗೆ ಹೇಳುತ್ತಿದ್ದರೂ ಕೊಡದವನ ಗತಿ ಏನೆಂಬುದು ಎಲ್ಲರಿಗೂ ಗೊತ್ತಿತ್ತು. ಆರ್ಥರ್ ಈ ಪದ್ಧತಿಯನ್ನು ಹುಟ್ಟುಹಾಕಿದವನಲ್ಲ, ಸ್ವಂತಕ್ಕೆ ಲಂಚ ತಿಂದನೆಂಬ ಆರೋಪವೂ ಆತನ ಮೇಲೆ ನಿಲ್ಲಲಿಲ್ಲ. ಆದರೆ ಯಂತ್ರಕ್ಕೆ ಎಣ್ಣೆ ಹಾಕಿ, ಗಾಲಿ ಕಿರುಗುಟ್ಟದಂತೆ ತಿರುಗಿಸುವುದರಲ್ಲಿ ಆತನನ್ನು ಮೀರಿಸಿದವರಿರಲಿಲ್ಲ. ರಾತ್ರಿ ಬಹಳ ಹೊತ್ತಿನವರೆಗೆ ಪಕ್ಷದ ಗೆಳೆಯರೊಂದಿಗೆ ಚುರುಟು ಸೇದುತ್ತ, ವಿಸ್ಕಿ ಕುಡಿಯುತ್ತ ಕುಳಿತು, ಮರುದಿನ ಕಚೇರಿಗೆ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದ.

ಇನ್ನು ಆದಾಯ. ಆಗಿನ ಕಾನೂನಿನಲ್ಲಿ ಅರ್ಧಪಾಲಿನ ಪದ್ಧತಿ ಎಂಬುದೊಂದಿತ್ತು. ಸುಂಕ ತಪ್ಪಿಸಿದ ವ್ಯಾಪಾರಿಗೆ ಹಾಕಿದ ದಂಡದಲ್ಲಿ ಅರ್ಧ ಸರ್ಕಾರಕ್ಕೆ ಹೋದರೆ, ಉಳಿದರ್ಧವನ್ನು ಸುಳಿವು ಕೊಟ್ಟವನು ಮತ್ತು ಬಂದರಿನ ಮೇಲಧಿಕಾರಿಗಳು ಹಂಚಿಕೊಳ್ಳಬಹುದಿತ್ತು. ತಪ್ಪು ಹುಡುಕಿದಷ್ಟೂ ಜೇಬು ತುಂಬುತ್ತದೆ ಎಂದಾದರೆ ಯಾರು ತಾನೇ ಹುಡುಕುವುದಿಲ್ಲ? ಫೆಲ್ಪ್ಸ್ ಡಾಜ್ ಎಂಬ ಹೆಸರಾಂತ ಲೋಹದ ವ್ಯಾಪಾರ ಸಂಸ್ಥೆಯ ರಸೀದಿಗಳಲ್ಲಿ ಬೆಲೆಯನ್ನು ಕಡಿಮೆ ತೋರಿಸಲಾಗಿದೆ ಎಂದು ಹಿಡಿದು, ಹಡಗಿನ ಸರಕೆಲ್ಲವನ್ನೂ ಮುಟ್ಟುಗೋಲು ಹಾಕುವ ಬೆದರಿಕೆಯೊಡ್ಡಿ, ಸುಮಾರು 2,71,000 ಡಾಲರುಗಳಿಗೆ ರಾಜಿ ಮಾಡಿಕೊಳ್ಳಲಾಯಿತು. ನಿಜವಾಗಿ ತಪ್ಪಿದ್ದ ಸುಂಕ ಅದರ ಸಣ್ಣದೊಂದು ಅಂಶ. ಆ ಒಂದೇ ಪ್ರಕರಣದಲ್ಲಿ ಆರ್ಥರನ ಪಾಲಿಗೆ 20,000 ಡಾಲರಿಗೂ ಹೆಚ್ಚು ಬಂತು. ಪಾಲುಗಳೆಲ್ಲ ಸೇರಿ ಆತನ ವರ್ಷದ ಆದಾಯ 50,000 ಡಾಲರಿನ ಆಸುಪಾಸಿನಲ್ಲಿತ್ತು. 1873ರವರೆಗೆ ಅಮೆರಿಕದ ಅಧ್ಯಕ್ಷನ ಸಂಬಳವೇ 25,000 ಡಾಲರ್. ಬೊಬ್ಬೆ ಎದ್ದ ಮೇಲೆ ಕಾಂಗ್ರೆಸ್ 1874ರಲ್ಲಿ ಪಾಲಿನ ಪದ್ಧತಿಯನ್ನು ರದ್ದುಪಡಿಸಿದ್ದರಿಂದ ಆತನ ಗಳಿಕೆ 12,000 ಡಾಲರ್ ಸಂಬಳಕ್ಕೆ ಇಳಿಯಿತು.

1877ರಲ್ಲಿ ಅಧ್ಯಕ್ಷನಾದ ರುದರ್‌ಫರ್ಡ್ ಹೇಸ್ ಕಸ್ಟಮ್ ಹೌಸಿನ ಮೇಲೆ ತನಿಖೆ ನಡೆಸಿದಾಗ ಅಗತ್ಯಕ್ಕಿಂತ ಹೆಚ್ಚು ನೌಕರರು, ಲಂಚ, ಪಕ್ಷದ ವಶೀಲಿ ಎಲ್ಲವೂ ಹೊರಬಿದ್ದವು. ಆರ್ಥರನ ಜಾಗಕ್ಕೆ ಹೇಸ್ ಸೂಚಿಸಿದ ಥಿಯೋಡರ್ ರೂಸ್‌ವೆಲ್ಟ್, ಮುಂದೆ ಅಧ್ಯಕ್ಷನಾದ ರೂಸ್‌ವೆಲ್ಟನ ತಂದೆ. ಆ ಹೆಸರನ್ನು ಕಾಂಕ್ಲಿಂಗ್ ಸೆನೆಟ್ಟಿನಲ್ಲಿ ತಳ್ಳಿಹಾಕಿಸಿದ. ಮರುವರ್ಷ ಜುಲೈ ತಿಂಗಳಲ್ಲಿ, ಸೆನೆಟ್ ರಜೆಯಲ್ಲಿದ್ದ ಸಮಯ ನೋಡಿ, ಹೇಸ್ ಆರ್ಥರನನ್ನು ತೆಗೆದುಹಾಕಿದ. ಹುದ್ದೆ ಹೋದದ್ದಕ್ಕಿಂತ ದೊಡ್ಡ ಪೆಟ್ಟು 1880ರ ಜನವರಿಯಲ್ಲಿ ಬಿತ್ತು. ಆರ್ಥರ್ ರಾಜಕೀಯದ ಕೆಲಸವಾಗಿ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿದ್ದಾಗ ನೆಲ್ ನ್ಯುಮೋನಿಯಾಕ್ಕೆ ತುತ್ತಾದಳು. ಆತ ಮನೆ ತಲುಪುವ ವೇಳೆಗೆ ಆಕೆಗೆ ಪ್ರಜ್ಞೆಯಿರಲಿಲ್ಲ, ಮತ್ತೆ ಬರಲೂ ಇಲ್ಲ. ಆಕೆಗಾಗ 42 ವರ್ಷ. ಪಕ್ಷದ ಕೂಟಗಳಿಗಾಗಿ ಎಷ್ಟೋ ರಾತ್ರಿ ಮನೆಯಿಂದ ಹೊರಗುಳಿದಿದ್ದ ಗಂಡ ಕೊನೆಯ ಮಾತಿಗೂ ಸಿಗಲಿಲ್ಲ.

ಐದು ತಿಂಗಳ ನಂತರ ಷಿಕಾಗೊದಲ್ಲಿ ಸೇರಿದ ರಿಪಬ್ಲಿಕನ್ ಅಧಿವೇಶನದಲ್ಲಿ 36 ಸುತ್ತು ಮತ ಹಾಕಿದ ಮೇಲೆ ಯಾರೂ ಎಣಿಸಿರದ ಜೇಮ್ಸ್ ಗಾರ್‌ಫೀಲ್ಡ್ ಅಭ್ಯರ್ಥಿಯಾದ. ಸೋತ ಕಾಂಕ್ಲಿಂಗ್ ಬಣವನ್ನು ಸಮಾಧಾನಪಡಿಸಲು ಉಪಾಧ್ಯಕ್ಷ ಸ್ಥಾನವನ್ನು ನ್ಯೂಯಾರ್ಕಿನವರ ಮುಂದೆ ಇಡಲಾಯಿತು. ಲೆವೈ ಮಾರ್ಟನ್ ಬೇಡವೆಂದ ಮೇಲೆ ಅದು ಆರ್ಥರನ ಬಳಿಗೆ ಬಂತು. ಕುಲುಮೆಯಿಂದ ತೆಗೆದ ಕಾದ ಲಾಳವನ್ನು ಬಿಸಾಡುವಂತೆ ಅದನ್ನು ಬಿಸಾಡು ಎಂದು ಕಾಂಕ್ಲಿಂಗ್ ಸಿಡುಕಿದ. ಉಪಾಧ್ಯಕ್ಷನ ಪದವಿ ನಾನು ಕನಸಿನಲ್ಲೂ ಎಣಿಸಿರದಷ್ಟು ದೊಡ್ಡ ಗೌರವ ಎಂದು ಆರ್ಥರ್ ಉತ್ತರಿಸಿ, ಒಡೆಯನ ಮಾತನ್ನು ಬಹುಶಃ ಮೊದಲ ಬಾರಿಗೆ ಮೀರಿದ. ಅದುವರೆಗೆ ಆತ ಯಾವ ಚುನಾವಣೆಯನ್ನೂ ಎದುರಿಸಿದವನಲ್ಲ. ನವೆಂಬರಿನಲ್ಲಿ, ಚಲಾವಣೆಯಾದ ಸುಮಾರು 90 ಲಕ್ಷ ಮತಗಳಲ್ಲಿ 10,000ಕ್ಕೂ ಕಡಿಮೆ ಅಂತರದಿಂದ ಇಬ್ಬರೂ ಗೆದ್ದರು.

ಗೆದ್ದ ಮೇಲೆಯೂ ಆರ್ಥರನ ನಿಷ್ಠೆ ಇದ್ದದ್ದು ತನ್ನ ಅಧ್ಯಕ್ಷನ ಕಡೆಗಲ್ಲ. ಗಾರ್‌ಫೀಲ್ಡ್ ಅದೇ ಸುಂಕದ ಕುರ್ಚಿಗೆ ಕಾಂಕ್ಲಿಂಗನ ವೈರಿಯಾದ ವಿಲಿಯಂ ರಾಬರ್ಟ್‌ಸನ್ನನನ್ನು ನೇಮಿಸಿದಾಗ, ಕಾಂಕ್ಲಿಂಗ್ ಮತ್ತು ಟಾಮಸ್ ಪ್ಲಾಟ್ 1881ರ ಮೇ ತಿಂಗಳಲ್ಲಿ ಸೆನೆಟ್ಟಿಗೆ ರಾಜೀನಾಮೆ ಎಸೆದು, ರಾಜ್ಯದ ಶಾಸನಸಭೆ ತಮ್ಮನ್ನು ಮತ್ತೆ ಆರಿಸಿ ಕಳಿಸುತ್ತದೆಂಬ ಹಮ್ಮಿನಿಂದ ಆಲ್ಬನಿಗೆ ಬಂದರು. ಅವರ ಪರವಾಗಿ ಶಾಸಕರ ಕೋಣೆಕೋಣೆಗೆ ಓಡಾಡಿದ್ದು ದೇಶದ ಉಪಾಧ್ಯಕ್ಷ. ಆ ದೃಶ್ಯವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಜುಲೈ 2ರ ಬೆಳಿಗ್ಗೆ ಕಾಂಕ್ಲಿಂಗನೊಂದಿಗೆ ಆಲ್ಬನಿಯಿಂದ ಹೊರಟ ರಾತ್ರಿಯ ಹಡಗು ನ್ಯೂಯಾರ್ಕಿನ ಕಟ್ಟೆ ಮುಟ್ಟಿದಾಗ ಆರ್ಥರನಿಗೆ ಸುದ್ದಿ ಸಿಕ್ಕಿತು: ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗಾರ್‌ಫೀಲ್ಡನ ಮೇಲೆ ಗುಂಡು ಹಾರಿದೆ. ಹಾರಿಸಿದ ಚಾರ್ಲ್ಸ್ ಗಿಟೋ ತಾನು ಕಾಂಕ್ಲಿಂಗ್ ಬಣದವನೆಂದೂ ಇನ್ನು ಆರ್ಥರನೇ ಅಧ್ಯಕ್ಷನೆಂದೂ ಕೂಗಿದ್ದಾನೆ. ಸರ್ಕಾರಿ ಹುದ್ದೆ ಕೇಳಿ ಕೇಳಿ ಸಿಗದೆ ಹೋದ ತಲೆಕೆಟ್ಟ ಮನುಷ್ಯ ಅವನು. ಆರ್ಥರನಿಗೂ ಆ ಸಂಚಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಹುದ್ದೆಯೇ ರಾಜಕೀಯದ ಕೂಲಿ ಎಂಬ ನಂಬಿಕೆಯನ್ನು ಗಿಟೋನಂಥವರ ತಲೆಯಲ್ಲಿ ಬಿತ್ತಿದ ಯಂತ್ರಕ್ಕೆ ಎಣ್ಣೆ ಹಾಕಿದವರಲ್ಲಿ ಆತನೂ ಒಬ್ಬ.

ಗಾರ್‌ಫೀಲ್ಡ್ ತಕ್ಷಣ ಸಾಯಲಿಲ್ಲ. ತೊಳೆಯದ ಬೆರಳುಗಳಿಂದ ಗುಂಡನ್ನು ಹುಡುಕಿದ ವೈದ್ಯರ ಕೈಯಲ್ಲಿ 79 ದಿನ ನರಳಿದ. ಅಷ್ಟೂ ದಿನ ಅಧ್ಯಕ್ಷನ ಕೆಲಸವನ್ನು ವಹಿಸಿಕೊಳ್ಳಲು ಆರ್ಥರ್ ಒಪ್ಪಲಿಲ್ಲ. ಬಹುಮಟ್ಟಿಗೆ ನ್ಯೂಯಾರ್ಕಿನ ತನ್ನ ಮನೆಯಲ್ಲೇ ಉಳಿದ. ಚೆಟ್ ಆರ್ಥರ್ ಅಧ್ಯಕ್ಷನಂತೆ, ದೇವರೇ ಗತಿ ಎಂಬ ಉದ್ಗಾರ ಆತನ ಪಕ್ಷದವರ ಬಾಯಲ್ಲೇ ಹೊರಡುತ್ತಿತ್ತು. ಈ ನಡುವೆ ಆಗಸ್ಟ್ 27ರ ತಾರೀಖಿನ ಒಂದು ಪತ್ರ ಬಂತು. ಬರೆದವಳು ನ್ಯೂಯಾರ್ಕಿನ ಜೂಲಿಯಾ ಸ್ಯಾಂಡ್, 31 ವರ್ಷದ ಅವಿವಾಹಿತೆ, ಕಾಯಿಲೆಯಿಂದ ಬಹುಪಾಲು ಮನೆಯೊಳಗೇ ಉಳಿದವಳು. ಆರ್ಥರನಿಗೆ ಆಕೆಯ ಪರಿಚಯವೇ ಇರಲಿಲ್ಲ. ಗಾರ್‌ಫೀಲ್ಡನ ಘಳಿಗೆಗಳು ಎಣಿಕೆಯಲ್ಲಿವೆ, ಜನ ದುಃಖದಿಂದ ತಲೆ ತಗ್ಗಿಸಿರುವುದು ಆತ ಸಾಯುತ್ತಿದ್ದಾನೆ ಎಂಬುದಕ್ಕಿಂತ ಹೆಚ್ಚಾಗಿ ನೀವು ಅವನ ಉತ್ತರಾಧಿಕಾರಿ ಎಂಬ ಕಾರಣಕ್ಕೆ, ಇದು ನಿಮಗೆ ತಿಳಿದಿದೆಯೇ ಎಂದು ಆಕೆ ನೇರವಾಗಿ ಕೇಳಿದ್ದಳು. ನಿಮ್ಮಲ್ಲಿ ದೊಡ್ಡತನದ ಕಿಡಿ ಒಂದಾದರೂ ಇದ್ದರೆ ಅದು ಬೆಳಗಬೇಕಾದ ಹೊತ್ತು ಇದೇ. ರಾಜೀನಾಮೆ ಕೊಡಬೇಡಿ, ಸುಧಾರಿಸಿ ಎಂದಳು. ಎಂದೂ ತಪ್ಪು ಮಾಡದಿರುವುದಲ್ಲ, ಮಾಡಿದ ತಪ್ಪನ್ನು ಗುರುತಿಸಿ ಅದರ ವಿರುದ್ಧ ಗಟ್ಟಿಯಾಗಿ ತಿರುಗಿ ನಿಲ್ಲುವುದೇ ಒಳ್ಳೆಯತನಕ್ಕೆ ಸಾಕ್ಷಿ ಎಂಬ ಅರ್ಥದ ಮಾತೂ ಅದರಲ್ಲಿತ್ತು. ಇಂಥ ಪತ್ರವನ್ನು ಅಧಿಕಾರಸ್ಥರು ಸಾಮಾನ್ಯವಾಗಿ ಓದುವುದೂ ಇಲ್ಲ. ಆರ್ಥರ್ ಅದನ್ನು ತೆಗೆದಿಟ್ಟುಕೊಂಡ.

ಸೆಪ್ಟೆಂಬರ್ 19ರ ರಾತ್ರಿ ನ್ಯೂಜೆರ್ಸಿಯ ಎಲ್ಬರಾನಿನಲ್ಲಿ ಗಾರ್‌ಫೀಲ್ಡ್ ತೀರಿಕೊಂಡ. ಪತ್ರಿಕೆಯವನೊಬ್ಬ ಲೆಕ್ಸಿಂಗ್ಟನ್ ಅವೆನ್ಯೂ 123ನೆಯ ಸಂಖ್ಯೆಯ ಮನೆಯ ಬಾಗಿಲು ತಟ್ಟಿದಾಗ, ಯಜಮಾನರು ಕೋಣೆಯಲ್ಲಿ ಒಬ್ಬರೇ ಮೇಜಿನ ಮೇಲೆ ತಲೆಯಿಟ್ಟು ಮಗುವಿನಂತೆ ಬಿಕ್ಕುತ್ತಿದ್ದಾರೆ, ನಾನು ಒಳಗೆ ಹೋಗಲಾರೆ ಎಂದು ಸೇವಕ ಹೇಳಿದನಂತೆ. ಗೆಳೆಯರು ನ್ಯಾಯಾಧೀಶರನ್ನು ಹುಡುಕಿಕೊಂಡು ಹೊರಟು, ನ್ಯೂಯಾರ್ಕ್ ರಾಜ್ಯದ ನ್ಯಾಯಾಧೀಶ ಜಾನ್ ಬ್ರೇಡಿಯನ್ನು ಕರೆತಂದರು. ನಸುಕಿನ ಎರಡು ಗಂಟೆ ದಾಟಿದ ಮೇಲೆ, ಮನೆಯ ಮುಂಗೋಣೆಯಲ್ಲಿ, ಕೈಬೆರಳೆಣಿಕೆಯ ಮಂದಿಯ ಎದುರಿನಲ್ಲಿ ಪ್ರಮಾಣವಚನ ಮುಗಿಯಿತು. ಜಾರ್ಜ್ ವಾಷಿಂಗ್ಟನ್ನನ ನಂತರ ನ್ಯೂಯಾರ್ಕ್ ನಗರದಲ್ಲಿ ಪ್ರಮಾಣವಚನ ತೆಗೆದುಕೊಂಡ ಅಧ್ಯಕ್ಷ ಆತನೊಬ್ಬನೇ. ಆ ಕಟ್ಟಡ ಇಂದಿಗೂ ನಿಂತಿದೆ, ನೆಲಮಹಡಿಯಲ್ಲಿ ಈಗ ಸಂಬಾರ ಪದಾರ್ಥಗಳ ಅಂಗಡಿಯಿದೆ. ಆಗ ಉಪಾಧ್ಯಕ್ಷನಿರಲಿಲ್ಲ, ಸೆನೆಟ್ಟಿಗೆ ಹಂಗಾಮಿ ಸಭಾಪತಿಯಿರಲಿಲ್ಲ, ಕೆಳಮನೆಗೆ ಸ್ಪೀಕರನೂ ಇರಲಿಲ್ಲ. ವಾಷಿಂಗ್ಟನ್ನಿಗೆ ಹೋಗುವ ದಾರಿಯಲ್ಲಿ ತನಗೂ ಏನಾದರೂ ಆದರೆ ದೇಶಕ್ಕೆ ದಿಕ್ಕಿಲ್ಲವಾಗುತ್ತದೆಂದು ಆರ್ಥರ್ ಸೆನೆಟ್ಟಿನ ವಿಶೇಷ ಅಧಿವೇಶನ ಕರೆಯುವ ಘೋಷಣೆಯನ್ನು ಬರೆದು, ಲಕೋಟೆಯಲ್ಲಿಟ್ಟು, ಶ್ವೇತಭವನಕ್ಕೆ ಅಂಚೆಗೆ ಹಾಕಿದ. ಅತ್ತು ಮುಗಿಸಿದ ಕೂಡಲೇ ಹಳೆಯ ಕ್ವಾರ್ಟರ್‌ಮಾಸ್ಟರ್ ಎಚ್ಚರಗೊಂಡದ್ದು ಇಲ್ಲಿ ಕಾಣಿಸುತ್ತದೆ.

ಎಲ್ಲರೂ ಕಾದದ್ದು ಕಾಂಕ್ಲಿಂಗ್ ಯಾವಾಗ ಬಂದು ಲಗಾಮು ಹಿಡಿಯುತ್ತಾನೆ ಎಂದು. ಆತ ಬಂದ, ರಾಬರ್ಟ್‌ಸನ್ನನನ್ನು ಸುಂಕದ ಕುರ್ಚಿಯಿಂದ ಎಬ್ಬಿಸಬೇಕೆಂದು ಕೇಳಿದ. ಆರ್ಥರ್ ಒಪ್ಪಲಿಲ್ಲ. ಗಾರ್‌ಫೀಲ್ಡನ ಜೀವಕ್ಕೆ ಎರವಾದ ಜಗಳದಲ್ಲಿ ಗಾರ್‌ಫೀಲ್ಡನ ನೇಮಕವನ್ನೇ ರದ್ದುಮಾಡುವುದು ಆತನಿಂದ ಆಗಲಿಲ್ಲ. ಕಾಂಕ್ಲಿಂಗ್ ಕೆಂಡವಾದ. ಮುಂದೆ ಅವನಿಗೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಸ್ಥಾನವನ್ನು ಕೊಟ್ಟು, ಸೆನೆಟ್ ಅದಕ್ಕೆ ಒಪ್ಪಿಗೆಯನ್ನೂ ನೀಡಿದ ಮೇಲೆ, ಅವನು ಅದನ್ನು ತಿರಸ್ಕರಿಸಿದ. ಅಂಚೆ ಸಾಗಣೆಯ ಗುತ್ತಿಗೆಗಳಲ್ಲಿ ಸರ್ಕಾರದ ಹಣ ಲೂಟಿಯಾದ ಸ್ಟಾರ್ ರೂಟ್ ಹಗರಣದಲ್ಲಿ, ಆರ್ಥರನ ಚುನಾವಣೆಗೇ ದುಡಿದಿದ್ದ ಸ್ಟೀಫನ್ ಡಾರ್ಸಿಯ ಮೇಲೆ ಆತನ ಸರ್ಕಾರವೇ ಮೊಕದ್ದಮೆ ನಡೆಸಿತು. ಶಿಕ್ಷೆ ಕೊಡಿಸಲು ಆಗಲಿಲ್ಲವೆಂಬುದು ಬೇರೆ ಮಾತು. ಹಳೆಯ ಗೆಳೆಯರು ಒಬ್ಬೊಬ್ಬರಾಗಿ ದೂರವಾದರು.

ಸ್ಯಾಂಡಳ ಪತ್ರಗಳು ಬರುತ್ತಲೇ ಇದ್ದವು. ಹಿಂದೆ ಅರಮನೆಗಳಲ್ಲಿ ದೊರೆಗೆ ಹೆದರದೆ ಸತ್ಯ ಹೇಳುವ ಕುಳ್ಳನೊಬ್ಬ ಇರುತ್ತಿದ್ದನಲ್ಲ, ನಿಮ್ಮ ಪಾಲಿಗೆ ನಾನು ಆ ಕುಳ್ಳಿ ಎಂದು ತನ್ನನ್ನು ಬಣ್ಣಿಸಿಕೊಂಡಿದ್ದಳು. ಒಳ್ಳೆಯದಕ್ಕೆ ಹೊಗಳುತ್ತಿದ್ದಳು, ಕೆಟ್ಟದಕ್ಕೆ ಬೈಯುತ್ತಿದ್ದಳು, ಸಣ್ಣಪುಟ್ಟದಕ್ಕೆ ಚುಡಾಯಿಸುತ್ತಲೂ ಇದ್ದಳು. ಒಮ್ಮೆ, ಅರೆಬರೆ ಕ್ರಮಗಳಲ್ಲಿ ನೀವು ಸಮಾಧಾನ ಕಾಣುವುದೇಕೆ ಎಂದು ಕೇಳಿದಳು. 1882ರ ಆಗಸ್ಟ್ 20ರಂದು, ಮುನ್ಸೂಚನೆಯಿಲ್ಲದೆ, ನ್ಯೂಯಾರ್ಕಿನ 74ನೆಯ ಬೀದಿಯ ಆಕೆಯ ಮನೆಯ ಮುಂದೆ ಬಂಡಿಯೊಂದು ನಿಂತಿತು. ಇಳಿದವನು ಅಮೆರಿಕದ ಅಧ್ಯಕ್ಷ. ಮನೆಯವರೊಂದಿಗೆ ಸುಮಾರು ಒಂದು ಗಂಟೆ ಕುಳಿತು ಮಾತನಾಡಿ ಹೋದ. ಅಷ್ಟು ಪತ್ರಗಳನ್ನು ನಿರ್ಭಯವಾಗಿ ಬರೆದವಳು ಎದುರಿಗೆ ಕಂಡಾಗ ತಬ್ಬಿಬ್ಬಾದಳು. ಆಡಬೇಕೆಂದಿದ್ದ ಮಾತುಗಳನ್ನು ಆಮೇಲೆ ಮತ್ತೆ ಪತ್ರದಲ್ಲೇ ಬರೆಯಬೇಕಾಯಿತು.

ಆರ್ಥರನ ಹೆಸರು ಚರಿತ್ರೆಯಲ್ಲಿ ಉಳಿದಿರುವುದು ಪೆಂಡಲ್ಟನ್ ಕಾಯ್ದೆಯಿಂದ. ಓಹಿಯೊದ ಡೆಮಾಕ್ರಟ್ ಸೆನೆಟರ್ ಜಾರ್ಜ್ ಪೆಂಡಲ್ಟನ್ ಮಂಡಿಸಿದ ಈ ಮಸೂದೆಗೆ 1883ರ ಜನವರಿ 16ರಂದು ಅಂಕಿತ ಬಿತ್ತು. ಆಯ್ದ ಸರ್ಕಾರಿ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ, ಮೂವರು ಸದಸ್ಯರ ಆಯೋಗ, ನೌಕರರಿಂದ ಪಕ್ಷಕ್ಕೆ ವಂತಿಗೆ ಎತ್ತುವುದಕ್ಕೆ ನಿಷೇಧ: ಒಂದೊಂದೂ ಕಸ್ಟಮ್ ಹೌಸಿನ ಆರ್ಥರನ ಬುಡಕ್ಕೇ ಕೊಡಲಿ. ಆತ ರಾತ್ರೋರಾತ್ರಿ ಸಂತನಾದ ಎಂದು ಕಥೆ ಕಟ್ಟುವವರಿದ್ದಾರೆ, ನಾನದನ್ನು ಒಪ್ಪುವುದಿಲ್ಲ. 1881ರ ಡಿಸೆಂಬರಿನ ತನ್ನ ಮೊದಲ ಸಂದೇಶದಲ್ಲಿ ಆತ ಪರೀಕ್ಷೆಯ ಬಗ್ಗೆ ಅನುಮಾನವನ್ನೇ ಮುಂದಿಟ್ಟಿದ್ದ. ಓದಿನಲ್ಲಿ ಚುರುಕಾದ ಎಳೆಯರು ಅನುಭವಸ್ಥರನ್ನು ಹಿಂದೆ ಹಾಕಬಹುದು ಎಂಬುದು ಆತನ ತಕರಾರು. ಕಾಂಗ್ರೆಸ್ ಕೂಡ ಧರ್ಮಬುದ್ಧಿಯೊಂದರಿಂದಲೇ ಎಚ್ಚೆತ್ತದ್ದಲ್ಲ. 1882ರ ಚುನಾವಣೆಯಲ್ಲಿ ನೆಲಕಚ್ಚಿದ ರಿಪಬ್ಲಿಕನ್ನರಿಗೆ, ಮುಂದೆ ಡೆಮಾಕ್ರಟರು ಬಂದರೆ ತಮ್ಮವರ ಕೆಲಸ ಉಳಿಯುವುದು ಇಂಥ ಕಾನೂನಿನಿಂದ ಮಾತ್ರ ಎಂಬ ಲೆಕ್ಕವೂ ಹೊಳೆದಿತ್ತು. ಸೆನೆಟ್ಟಿನಲ್ಲಿ 38ಕ್ಕೆ 5, ಕೆಳಮನೆಯಲ್ಲಿ 155ಕ್ಕೆ 47 ಮತಗಳಿಂದ ಅದು ಸರಾಗವಾಗಿ ಪಾಸಾಯಿತು. ಮೊದಲಿಗೆ ಕೇಂದ್ರದ ಹತ್ತು ಹುದ್ದೆಗಳಲ್ಲಿ ಒಂದಕ್ಕೆ ಮಾತ್ರ ಅದು ಅನ್ವಯಿಸುತ್ತಿತ್ತು.

ಆದರೂ ಆರ್ಥರನಿಗೆ ಸಲ್ಲಬೇಕಾದ ಶ್ರೇಯಸ್ಸು ಅಂಕಿತಕ್ಕಿಂತ ಹೆಚ್ಚಾಗಿ ಅದರ ಮುಂದಿನ ಕೆಲಸಕ್ಕೆ ಎಂದು ನನಗನ್ನಿಸುತ್ತದೆ. ಆಯೋಗವನ್ನು ಹೆಸರಿಗೆ ಮಾತ್ರ ಉಳಿಯುವಂತೆ ಮಾಡುವುದು ಆತನಿಗೆ ಅತಿ ಸುಲಭವಿತ್ತು. ಒಳದಾರಿಗಳೆಲ್ಲ ಆತ ನಡೆದು ಸವೆಸಿದ ದಾರಿಗಳೇ. ಅದರ ಬದಲು ಸುಧಾರಣೆಗಾಗಿ ವರ್ಷಗಟ್ಟಲೆ ಹೋರಾಡಿದ್ದ ಡಾರ್ಮನ್ ಈಟನ್ನನನ್ನೇ ಮುಖ್ಯಸ್ಥನನ್ನಾಗಿ ನೇಮಿಸಿದ. ಬಾಗಿಲು ಎಲ್ಲೆಲ್ಲಿ ಸಡಿಲವಾಗಿದೆ ಎಂದು ಕಳ್ಳನಿಗಿಂತ ಚೆನ್ನಾಗಿ ಬಲ್ಲವರಾರು?

ಸುಂಕದವ ಕೇಳಿಸಿಕೊಂಡದ್ದು ಎಲ್ಲರ ಸುಖದುಃಖವನ್ನಲ್ಲ. 1882ರಲ್ಲಿ ಚೀನೀ ಕಾರ್ಮಿಕರ ವಲಸೆಯನ್ನು 20 ವರ್ಷ ತಡೆಯುವ ಮಸೂದೆ ಬಂದಾಗ, 1880ರ ಒಪ್ಪಂದಕ್ಕೆ ಅದು ವಿರುದ್ಧವೆಂದು ಆರ್ಥರ್ ಏಪ್ರಿಲ್ 4ರಂದು ವೀಟೊ ಮಾಡಿದ. ಪಶ್ಚಿಮ ಕರಾವಳಿಯಲ್ಲಿ ಕೋಲಾಹಲವೆದ್ದಿತು. ಕಾಂಗ್ರೆಸ್ 20ನ್ನು 10ಕ್ಕೆ ಇಳಿಸಿ ಕಳಿಸಿತು, ಮೇ 6ರಂದು ಆತ ಸಹಿ ಹಾಕಿದ. ಆ ಕಾನೂನು ಅಲ್ಲಿದ್ದ ಚೀನೀಯರಿಗೆ ಪೌರತ್ವವನ್ನೂ ನಿರಾಕರಿಸಿತು. ಹತ್ತು ವರ್ಷವೆಂದು ಹುಟ್ಟಿದ ನಿಷೇಧ ಮತ್ತೆ ಮತ್ತೆ ಮುಂದುವರಿದು, ರದ್ದಾಗಲು 1943 ಬರಬೇಕಾಯಿತು. ಒಪ್ಪಂದ ಮುರಿಯಬಾರದೆಂಬ ವಕೀಲನ ತಕರಾರು ಅರ್ಧಕ್ಕೆ ಸಮಾಧಾನಗೊಂಡದ್ದರ ಬೆಲೆಯನ್ನು ಬೇರೆಯವರು ತೆತ್ತರು. ಹಾಗೆಯೇ ಕಪ್ಪು ಜನರಿಗೆ ರೈಲು, ಹೋಟೆಲು, ನಾಟಕಶಾಲೆಗಳಲ್ಲಿ ಸಮಾನ ಅವಕಾಶ ಕೊಡುವ 1875ರ ಕಾನೂನನ್ನು ಸುಪ್ರೀಂ ಕೋರ್ಟ್ 1883ರ ಅಕ್ಟೋಬರಿನಲ್ಲಿ ಅಸಿಂಧುಗೊಳಿಸಿದಾಗ, ಜೆನ್ನಿಂಗ್ಸಳ ಹಳೆಯ ವಕೀಲ ಶ್ವೇತಭವನದಲ್ಲೇ ಕುಳಿತಿದ್ದ. ಹೊಸ ಕಾನೂನು ತಂದರೆ ಹಿಂಜರಿಯದೆ ಒಪ್ಪುತ್ತೇನೆಂದು ಕಾಂಗ್ರೆಸ್ಸಿಗೆ ತಿಳಿಸಿದ. ಕಾಂಗ್ರೆಸ್ ತರಲಿಲ್ಲ, ಆತ ಪಟ್ಟು ಹಿಡಿಯಲೂ ಇಲ್ಲ.

ಉಳಿದವುಗಳನ್ನು ಚುಟುಕಾಗಿ ಹೇಳಬಹುದು. ನದಿ ಬಂದರುಗಳ ಹೆಸರಿನಲ್ಲಿ ಕ್ಷೇತ್ರಕ್ಷೇತ್ರಕ್ಕೂ ಹಣ ಹಂಚುವ, ಸುಮಾರು 1.9 ಕೋಟಿ ಡಾಲರಿನ ಮಸೂದೆಯನ್ನು ಆತ ವೀಟೊ ಮಾಡಿದ, ಮರುದಿನವೇ ಕಾಂಗ್ರೆಸ್ ಅದನ್ನು ಮೀರಿ ಮತ ಹಾಕಿತು. ಮರದ ಹಡಗುಗಳು ಕೊಳೆಯುತ್ತಿದ್ದ ನೌಕಾಪಡೆಗೆ ಅಟ್ಲಾಂಟಾ, ಬಾಸ್ಟನ್, ಷಿಕಾಗೊ, ಡಾಲ್ಫಿನ್ ಎಂಬ ನಾಲ್ಕು ಉಕ್ಕಿನ ಹಡಗುಗಳಿಗೆ 1883ರಲ್ಲಿ ಮಂಜೂರಾತಿ ದೊರೆಯಿತು. ಶ್ವೇತಭವನದಲ್ಲಿ ವಾಸಿಸಲು ಮೊದಲು ಒಪ್ಪದೆ, 24 ಬಂಡಿ ಹಳೆಯ ಸಾಮಾನನ್ನು ಹರಾಜಿಗೆ ಸಾಗಿಸಿ, ಲೂಯಿ ಟಿಫನಿಯಿಂದ ಬಣ್ಣದ ಗಾಜಿನ ದೊಡ್ಡ ತಡಿಕೆಯೊಂದನ್ನು ಮುಂಭಾಗದ ಹಜಾರಕ್ಕೆ ಮಾಡಿಸಿದ. ಷೋಕಿಯ ಮನುಷ್ಯ, ಹತ್ತಾರು ಜೊತೆ ಷರಾಯಿಗಳ ಕಥೆ ಆಗಿನ ಪತ್ರಿಕೆಗಳಿಗೆ ಒಳ್ಳೆಯ ಸರಕಾಗಿತ್ತು. ಆತಿಥ್ಯದ ಕೆಲಸವನ್ನು ತಂಗಿ ಮೇರಿ ಮೆಕೆಲ್ರಾಯ್ ನೋಡಿಕೊಂಡಳು. ಮಡದಿಯ ಭಾವಚಿತ್ರದ ಮುಂದೆ ದಿನವೂ ಹೊಸ ಹೂ ಇಡಬೇಕೆಂದು ಆಜ್ಞೆಯಿತ್ತು. ಆಕೆ ಹಿಂದೆ ಹಾಡುತ್ತಿದ್ದ ಸೇಂಟ್ ಜಾನ್ಸ್ ಚರ್ಚಿಗೆ ಆಕೆಯ ನೆನಪಿನಲ್ಲಿ ಒಂದು ಬಣ್ಣದ ಗಾಜಿನ ಕಿಟಕಿಯನ್ನು ಕೊಟ್ಟು, ಅದು ಶ್ವೇತಭವನದ ಕಡೆಗೇ ಇರುವಂತೆ ಹಾಕಿಸಿದ.

ಆತ ಯಾರ ಮುಂದೆಯೂ ಹೇಳಿಕೊಳ್ಳದ ದುಃಖವೊಂದಿತ್ತು. 1882ರಲ್ಲೇ ವೈದ್ಯರು ಆತನಿಗೆ ಬ್ರೈಟ್ಸ್ ಕಾಯಿಲೆ, ಅಂದರೆ ಮೂತ್ರಪಿಂಡದ ರೋಗ ಇದೆ ಎಂದಿದ್ದರು. ಆಗ ಅದಕ್ಕೆ ಮದ್ದಿರಲಿಲ್ಲ. ಸುದ್ದಿ ಹೊರಬಿದ್ದಾಗ ಇಲ್ಲವೆಂದು ಹೇಳಿಸಲಾಯಿತು. 1883ರ ಏಪ್ರಿಲಿನಲ್ಲಿ ಗಾಳಿ ಬದಲಾವಣೆಗೆಂದು ಫ್ಲಾರಿಡಾಕ್ಕೆ ಹೋದವನು ಹಿಂದಿರುಗುವಾಗ ಸವಾನ್ನಾದಲ್ಲಿ ನೋವಿನಿಂದ ಕುಸಿದ. ಆಗಸ್ಟಿನಲ್ಲಿ ಪತ್ರಕರ್ತರನ್ನು ದೂರವಿಟ್ಟು, ಮೂರು ವಾರ ಕುದುರೆಯೇರಿ ಯೆಲ್ಲೋಸ್ಟೋನ್ ಸುತ್ತಿ, ಮೀನು ಹಿಡಿದು ಬಂದ. 1884ರ ಅಧಿವೇಶನದಲ್ಲಿ ತನ್ನ ಹೆಸರನ್ನು ತಡೆಯಲಿಲ್ಲ, ಆದರೆ ಗೆಲ್ಲಲು ಬೆರಳನ್ನೂ ಎತ್ತಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಜೇಮ್ಸ್ ಬ್ಲೇನ್ ಅಭ್ಯರ್ಥಿಯಾದ. ನ್ಯೂಯಾರ್ಕಿಗೆ ಮರಳಿದ ಆರ್ಥರ್ 1886ರ ನವೆಂಬರ್ 18ರಂದು 57ರ ವಯಸ್ಸಿನಲ್ಲಿ ತೀರಿಕೊಂಡ.

ಸಾಯುವುದಕ್ಕೆ ಸ್ವಲ್ಪ ಮುಂಚೆ ತನ್ನ ಕಾಗದಪತ್ರಗಳನ್ನೆಲ್ಲ ತರಿಸಿ ಸುಡಿಸಿದ. ಖಾಸಗಿ ಪತ್ರ, ಸರ್ಕಾರಿ ಪತ್ರ, ಕಸ್ಟಮ್ ಹೌಸಿನ ಕಾಲದ್ದು, ಅಧ್ಯಕ್ಷಗಿರಿಯದು ಎಂಬ ಭೇದವಿಲ್ಲದೆ ಬಹುತೇಕ ಎಲ್ಲವೂ ಬೂದಿಯಾಯಿತು. ಸುಂಕದ ಕುರ್ಚಿಯಲ್ಲಿ ಏನೇನು ನಡೆಯಿತು, ಕಾಂಕ್ಲಿಂಗನಿಗೆ ಇಲ್ಲವೆಂದಾಗ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಆತನ ಬಾಯಿಂದ ಕೇಳುವ ದಾರಿ ಅಲ್ಲಿಗೆ ಮುಚ್ಚಿತು. ಜೂಲಿಯಾ ಸ್ಯಾಂಡಳ 23 ಪತ್ರಗಳು ಮಾತ್ರ ಆ ಬೆಂಕಿಗೆ ಬೀಳಲಿಲ್ಲ. ಮೊಮ್ಮಗನ ಬಳಿ ಉಳಿದಿದ್ದ ಅವು 1958ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಆಕೆಗೆ ಆತ ಬರೆದ ಉತ್ತರ ಒಂದೂ ಸಿಕ್ಕಿಲ್ಲ. ಸಿಕ್ಕಿರುವುದು 74ನೆಯ ಬೀದಿಯ ಆ ಒಂದು ಗಂಟೆಯ ಭೇಟಿಯ ಲೆಕ್ಕ, ಅದೂ ಆಕೆಯ ಬರಹದಲ್ಲೇ.